ಪೊಲೀಸರ ಗುಂಡಿಗೆ ಮನೆಯವರು ಬಲಿಯಾದರೆ: ಮೊದಲ ಮೂರು ದಿನ, ಆಮೇಲಿನ ದಾರಿ

ಪೊಲೀಸರ ಗುಂಡಿನಿಂದಾದ ಸಾವಿನ ಕೇಸು ನಿಲ್ಲುತ್ತದೋ ಬೀಳುತ್ತದೋ ಎಂಬುದು ಬಹುಪಾಲು ಮೊದಲ 72 ಗಂಟೆಯಲ್ಲೇ ತೀರ್ಮಾನವಾಗಿರುತ್ತದೆ. ದೇಹವನ್ನು ಯಾರು ಪರೀಕ್ಷಿಸಿದರು, ಮೈಮೇಲಿದ್ದ ಬಟ್ಟೆ ಎಲ್ಲಿಗೆ ಹೋಯಿತು, ಠಾಣೆಯ ಕ್ಯಾಮೆರಾ ದೃಶ್ಯ ಉಳಿಯಿತೋ ಅಳಿಯಿತೋ, ಮನೆಯವರು ಯಾವ ಕಾಗದಕ್ಕೆ ಸಹಿ ಹಾಕಿದರು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಎರಡು ವರ್ಷ ಕಳೆದ ಮೇಲೆ ಎಷ್ಟು ದೊಡ್ಡ ವಕೀಲರನ್ನು ಇಟ್ಟರೂ ಸುಟ್ಟ ದೇಹದಿಂದ ಸಾಕ್ಷ್ಯ ಹುಟ್ಟುವುದಿಲ್ಲ. ಅದಕ್ಕೇ ಇಲ್ಲಿ ಆ ಮೂರು ದಿನಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ. ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಯ ಕುಟುಂಬಗಳು, ಅವರ ಜೊತೆ ಓಡಾಡುವ ಊರಿನ ಹಿರಿಯರು, ಸಂಘಟನೆಯವರು, ಹೊಸ ವಕೀಲರು ಇದನ್ನು ಬಳಸಲಿ ಎಂದು ಬರೆದದ್ದು.

ಕೈಯಲ್ಲಿ ಮೊದಲು ಇರಬೇಕಾದ್ದು ಒಂದು ತೀರ್ಪು. 2014ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಪಿಯುಸಿಎಲ್ (ನಾಗರಿಕ ಹಕ್ಕುಗಳ ಸಂಘಟನೆ) ವಿರುದ್ಧ ಮಹಾರಾಷ್ಟ್ರ ಸರ್ಕಾರ ಪ್ರಕರಣದಲ್ಲಿ, ಪೊಲೀಸ್ ಗುಂಡಿನಿಂದ ಸಾವಾದಾಗ ಪಾಲಿಸಲೇಬೇಕಾದ 16 ಸೂಚನೆಗಳನ್ನು ಕೊಟ್ಟಿತು. ಅವು ತೀರ್ಪಿನ 31ನೇ ಪ್ಯಾರಾದಲ್ಲಿವೆ, ಸಂವಿಧಾನದ 141ನೇ ವಿಧಿಯಂತೆ ದೇಶಕ್ಕೆಲ್ಲ ಅನ್ವಯಿಸುವ ಕಾನೂನು. ಆ ಪುಟಗಳ ಪ್ರಿಂಟ್ ತೆಗೆಸಿ ಇಟ್ಟುಕೊಳ್ಳಿ. ಎಸ್‌ಪಿ ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ, ಎಸಿ (ಕಂದಾಯ ಉಪವಿಭಾಗಾಧಿಕಾರಿ) ಕಚೇರಿಯಲ್ಲಿ ಅದನ್ನೇ ತೋರಿಸಬೇಕಾಗುತ್ತದೆ. ಇನ್ನೊಂದು ಮಾತು: 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ತೀರ್ಪಿನಲ್ಲಿ ಹಳೆಯ ಕಲಂಗಳಿವೆ, ನಿಮ್ಮ ಅರ್ಜಿಯಲ್ಲಿ ಹೊಸವು ಇರಬೇಕು. ಇಲ್ಲಿ ಕೊಟ್ಟಿರುವುದು ಹೊಸ ಸಂಖ್ಯೆಗಳು; ಬೇರೆ ಕಾಯ್ದೆಯ ಹೆಸರು ಹೇಳದ ಕಲಂಗಳೆಲ್ಲ ಈ ಸಂಹಿತೆಯವೇ.

ಪೊಲೀಸರು ಹಾರಿಸಿದ ಪ್ರತಿ ಗುಂಡೂ ಅಪರಾಧವಲ್ಲ. ಆತ್ಮರಕ್ಷಣೆಯ ಹಕ್ಕು ಅವರಿಗೂ ಇದೆ. ಆದರೆ ಆತ್ಮರಕ್ಷಣೆ ಎಂದು ಹೇಳುವವರೇ ಅದನ್ನು ರುಜುವಾತು ಮಾಡಬೇಕು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಗುರಿಯಾಗುವಂಥ ಆರೋಪ ಇಲ್ಲದವನನ್ನು ಹಿಡಿಯುವ ನೆಪದಲ್ಲಿ ಕೊಲ್ಲುವ ಅಧಿಕಾರ ಇಲ್ಲ ಎಂದು ಸಂಹಿತೆಯ 43ನೇ ಕಲಂ ಹೇಳುತ್ತದೆ. ಸತ್ತವನ ಮೇಲೆ ರೌಡಿ ಶೀಟ್ ಇತ್ತು, ಹತ್ತು ಕೇಸಿತ್ತು ಎಂಬ ಮಾತು ಪೇಪರಿನಲ್ಲಿ ಬರುತ್ತದೆ, ಊರಲ್ಲೂ ಹರಡುತ್ತದೆ. ಅದಕ್ಕೆ ಉತ್ತರ ಕೊಡುತ್ತ ಸಮಯ ಕಳೆಯಬೇಡಿ. ಪ್ರಶ್ನೆ ಇರುವುದು ಆ ಹೊತ್ತಿನಲ್ಲಿ ಗುಂಡು ಹಾರಿಸುವ ಅಗತ್ಯವಿತ್ತೇ ಎಂಬುದಷ್ಟೇ.

ಸತ್ತಾಗ ಯಾರ ವಶದಲ್ಲಿದ್ದರು?

ಇದನ್ನು ಮೊದಲ ದಿನವೇ ಸ್ಪಷ್ಟ ಮಾಡಿಕೊಳ್ಳಬೇಕು, ಏಕೆಂದರೆ ಯಾವ ಮ್ಯಾಜಿಸ್ಟ್ರೇಟ್ ವಿಚಾರಣೆ ಮಾಡಬೇಕು ಎಂಬುದು ಇದರ ಮೇಲೆ ನಿಂತಿದೆ.

ಗುಂಪಿನ ಮೇಲೆ ಗೋಲಿಬಾರ್ ಆಗಿ ಸತ್ತಿದ್ದರೆ, 148ನೇ ಕಲಂನಂತೆ ಗುಂಪು ಚದುರಿಸಲು ಆದೇಶ ಕೊಟ್ಟವರು ಯಾರು ಎಂಬುದು ಮುಖ್ಯ. ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರೋ, ಠಾಣಾಧಿಕಾರಿಯೋ, ಆತ ಇಲ್ಲದಾಗ ಸಬ್ ಇನ್‌ಸ್ಪೆಕ್ಟರ್‌ಗೆ ಕಡಿಮೆಯಲ್ಲದ ಅಧಿಕಾರಿಯೋ ಆದೇಶ ಕೊಟ್ಟಿರಬೇಕು. 2008ರ ಜೂನ್ 10ರಂದು ಪಕ್ಕದ ಹಾವೇರಿಯಲ್ಲಿ ಗೊಬ್ಬರ ಕೇಳಲು ಬಂದ ರೈತರ ಮೇಲೆ ಗೋಲಿಬಾರ್ ಆಗಿ ಇಬ್ಬರು ತೀರಿಕೊಂಡರು. ಅಂಥ ಘಟನೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಹೀಗಿರುತ್ತವೆ: ಎಚ್ಚರಿಕೆ ಕೊಟ್ಟರೇ, ಲಾಠಿ, ಅಶ್ರುವಾಯು ಮೊದಲು ಬಳಸಿದರೇ, ಗುಂಡು ಸೊಂಟದ ಕೆಳಗೆ ಬಿದ್ದಿದೆಯೋ ಮೇಲೋ, ಒಟ್ಟು ಎಷ್ಟು ಸುತ್ತು ಹಾರಿತು.

ಎನ್‌ಕೌಂಟರ್ ಎಂದು ಹೇಳುವ ಪ್ರಕರಣಗಳಲ್ಲಿ ಇನ್ನೂ ಸೂಕ್ಷ್ಮವಾಗಿ ನೋಡಬೇಕು. ನಮ್ಮ ಕಡೆ ಮತ್ತೆ ಮತ್ತೆ ಕೇಳಿಬರುವ ವಿವರಣೆ ಒಂದೇ: ಆರೋಪಿಯನ್ನು ಸ್ಥಳ ಮಹಜರಿಗೆ ಕರೆದೊಯ್ದೆವು, ಕಲ್ಲು ಅಥವಾ ಮಚ್ಚಿನಿಂದ ಹಲ್ಲೆ ಮಾಡಿ ಓಡಲು ನೋಡಿದ, ಗುಂಡು ಹಾರಿಸಿದೆವು. ಮಹಜರಿಗೆ ಕರೆದೊಯ್ದ ಮನುಷ್ಯ ಪೊಲೀಸರ ವಶದಲ್ಲಿದ್ದ ಮನುಷ್ಯ. ವಶದಲ್ಲಿದ್ದಾಗ ಸತ್ತರೆ 196(2)ನೇ ಕಲಂನಂತೆ ನ್ಯಾಯಾಂಗ ಮ್ಯಾಜಿಸ್ಟ್ರೇಟರೇ ವಿಚಾರಣೆ ಮಾಡಬೇಕು. ತಹಶೀಲ್ದಾರರೋ ಎಸಿಯೋ ಮಾಡಿದರೆ ಸಾಲದು. ಈ ಒಂದು ವ್ಯತ್ಯಾಸವನ್ನು ಮೊದಲ ಅರ್ಜಿಯಲ್ಲೇ ಎತ್ತದೆ ಹೋದರೆ, ಕಂದಾಯ ಅಧಿಕಾರಿಯ ವಿಚಾರಣೆ ಮುಗಿದು ವರದಿ ಹೋದ ಮೇಲೆ ಅದನ್ನು ತಿರುಗಿಸಲು ಹೈಕೋರ್ಟಿಗೇ ಹೋಗಬೇಕಾಗುತ್ತದೆ.

ಮನೆಯಿಂದ ಕರೆದೊಯ್ದು ಎರಡು ದಿನವಾದ ಮೇಲೆ "ಎದುರಾದ" ಎನ್ನುವುದೂ ಉಂಟು. ಆಗ ಯಾರು, ಯಾವ ವಾಹನದಲ್ಲಿ, ಎಷ್ಟು ಹೊತ್ತಿಗೆ ಕರೆದೊಯ್ದರು, ನೋಡಿದವರು ಯಾರು ಎಂಬುದನ್ನು ಅದೇ ದಿನ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕರೆದೊಯ್ದ ರಾತ್ರಿ 112ಕ್ಕೆ ಕರೆ ಮಾಡಿದ್ದರೆ, ಎಸ್‌ಪಿಗೆ ವಾಟ್ಸಾಪ್ ಕಳಿಸಿದ್ದರೆ, ಆ ಕರೆಯ ಸಮಯವೇ ಮುಂದೆ ಗಟ್ಟಿ ಸಾಕ್ಷ್ಯ.

ಶವಾಗಾರದಲ್ಲಿ

ಚಳ್ಳಕೆರೆ, ಜಗಳೂರು, ಮೊಳಕಾಲ್ಮೂರು, ಹೊನ್ನಾಳಿ ಕಡೆ ಘಟನೆ ನಡೆದರೆ ದೇಹವನ್ನು ಮೊದಲು ತಾಲೂಕು ಆಸ್ಪತ್ರೆಗೆ ತರುತ್ತಾರೆ. ಅಲ್ಲೇ ಪರೀಕ್ಷೆ ಮುಗಿಸಿ ಕೊಡುತ್ತೇವೆ ಎಂದರೆ ಒಪ್ಪಬೇಡಿ. ಸುಪ್ರೀಂ ಕೋರ್ಟಿನ ಸೂಚನೆ ಪ್ರಕಾರ ಮರಣೋತ್ತರ ಪರೀಕ್ಷೆ ಜಿಲ್ಲಾ ಆಸ್ಪತ್ರೆಯಲ್ಲಿ ಆಗಬೇಕು, ಇಬ್ಬರು ವೈದ್ಯರು ಮಾಡಬೇಕು, ಸಾಧ್ಯವಾದಷ್ಟೂ ಒಬ್ಬರು ಆಸ್ಪತ್ರೆಯ ಮುಖ್ಯಸ್ಥರೇ ಇರಬೇಕು, ಪೂರ್ತಿ ವಿಡಿಯೊ ಆಗಬೇಕು. ದಾವಣಗೆರೆಯಲ್ಲಾದರೆ ಚಿಗಟೇರಿ ಜಿಲ್ಲಾ ಆಸ್ಪತ್ರೆ, ದುರ್ಗದಲ್ಲಾದರೆ ಅಲ್ಲಿನ ಜಿಲ್ಲಾ ಆಸ್ಪತ್ರೆ. ವೈದ್ಯಕೀಯ ಅಧೀಕ್ಷಕರಿಗೆ ಒಂದು ಪುಟದ ಮನವಿ ಕೊಟ್ಟು ಈ ನಾಲ್ಕೂ ವಿಷಯ ಬರೆಯಿರಿ. ವಿಧಿವಿಜ್ಞಾನ ತಜ್ಞರು ಇಬ್ಬರಲ್ಲಿ ಒಬ್ಬರಾಗಿರಲಿ ಎಂದೂ ಸೇರಿಸಿ.

ಮನವಿಯಲ್ಲಿ ಇನ್ನೂ ಕೆಲವನ್ನು ಹೆಸರು ಹೇಳಿ ಕೇಳಬೇಕು. ಕೇಳದಿದ್ದರೆ ಮಾಡದೆ ಬಿಟ್ಟರೂ ತಪ್ಪು ಹಿಡಿಯುವುದು ಕಷ್ಟ. ಕೊಯ್ಯುವ ಮೊದಲು ಇಡೀ ದೇಹದ ಎಕ್ಸ್‌ರೇ ಆಗಬೇಕು, ಒಳಗೆ ಉಳಿದ ಗುಂಡು ಅದರಲ್ಲೇ ಗೊತ್ತಾಗುವುದು. ಎರಡೂ ಕೈಗಳಿಗೆ ಕಾಗದದ ಚೀಲ ಕಟ್ಟಿ, ಗುಂಡಿನ ಮದ್ದಿನ ಕಣಗಳಿಗಾಗಿ ಸ್ವ್ಯಾಬ್ ತೆಗೆಯಬೇಕು. ಸತ್ತವನೇ ನಾಡ ಪಿಸ್ತೂಲಿನಿಂದ ಮೊದಲು ಹಾರಿಸಿದ ಎಂಬ ಆರೋಪವಿದ್ದರೆ ಈ ಪರೀಕ್ಷೆ ತೀರಾ ಅಗತ್ಯ. ದೇಹ ತೊಳೆದರೆ ಕಣ ಹೋಗುತ್ತದೆ, ಹಾಗಾಗಿ ಸ್ವ್ಯಾಬ್ ಮೊದಲು, ತೊಳೆಯುವುದು ಆಮೇಲೆ. ಪ್ರತಿ ಗಾಯದ ಅಳತೆ, ಹಿಮ್ಮಡಿಯಿಂದ ಎಷ್ಟು ಎತ್ತರ, ದೇಹದ ನಡುಗೆರೆಯಿಂದ ಎಷ್ಟು ದೂರ, ಗುಂಡು ಯಾವ ಕಡೆಯಿಂದ ಹೊಕ್ಕು ಯಾವ ಕಡೆ ಸಾಗಿದೆ ಎಂಬುದು ಬರಬೇಕು. ಗುಂಡಿನ ಗಾಯವಲ್ಲದ ಗುರುತುಗಳೂ ಬರಬೇಕು: ಮಣಿಕಟ್ಟಿನ ಮೇಲೆ ಬೇಡಿಯ ಅಥವಾ ಹಗ್ಗದ ಗೆರೆ, ಅಂಗಾಲಿನ ಬಾವು, ಬೆನ್ನಿನ ಬಾಸುಂಡೆ.

ಗಾಯದ ಸುತ್ತ ಏನಿದೆ ಎಂಬುದೇ ದೂರ ಹೇಳುತ್ತದೆ. ಪಿಸ್ತೂಲಿನ ಗುಂಡು ತೀರಾ ಹತ್ತಿರದಿಂದ ಬಿದ್ದರೆ ಚರ್ಮ, ಕೂದಲು ಸುಟ್ಟಿರುತ್ತದೆ. ಸುಮಾರು ಒಂದು ಅಡಿಯೊಳಗಾದರೆ ಮಸಿ ಹಿಡಿದಿರುತ್ತದೆ. ಎರಡು ಅಡಿಯವರೆಗೂ ಮದ್ದಿನ ಕಣ ಚುಚ್ಚಿ ಹಚ್ಚೆ ಹಾಕಿದಂಥ ಚುಕ್ಕೆಗಳು ಕಾಣಬಹುದು. ಆಯುಧ, ಮದ್ದು ಬೇರೆಯಾದರೆ ಈ ಅಳತೆ ಹೆಚ್ಚುಕಡಿಮೆಯಾಗುತ್ತದೆ, ಅದಕ್ಕೇ ಅದೇ ಆಯುಧದಿಂದ ಪ್ರಯೋಗಾಲಯದಲ್ಲಿ ಹಾರಿಸಿ ಹೋಲಿಸುತ್ತಾರೆ. ಇಪ್ಪತ್ತು ಅಡಿ ದೂರದಿಂದ ಓಡುತ್ತಿದ್ದವನ ಮೇಲೆ ಹಾರಿಸಿದೆವು ಎಂದು ಎಫ್‌ಐಆರ್‌ನಲ್ಲಿದ್ದು, ಎದೆಯ ಗಾಯದ ಸುತ್ತ ಮಸಿ ಇದ್ದರೆ ಆ ಕಥೆ ಅಲ್ಲಿಗೇ ಮುರಿಯಿತು. ಗುಂಡು ಮೇಲಿನಿಂದ ಕೆಳಕ್ಕೆ ಸಾಗಿದ್ದರೆ ಸತ್ತವನು ಕೂತಿದ್ದನೇ, ಮಂಡಿಯೂರಿದ್ದನೇ ಎಂದು ಕೇಳಲೇಬೇಕು.

ಬಟ್ಟೆ ಮೈಮೇಲಿದ್ದರೆ ಮಸಿ, ಕಣ ಎಲ್ಲ ಬಟ್ಟೆಯಲ್ಲೇ ನಿಲ್ಲುತ್ತದೆ, ಚರ್ಮ ಸ್ವಚ್ಛವಾಗಿ ಕಾಣುತ್ತದೆ. ಹಾಗಾಗಿ ಶರ್ಟು, ಬನಿಯನ್ನು ಕಳೆದರೆ ದೂರದ ಲೆಕ್ಕವೇ ಕಳೆದಂತೆ. ಅವನ್ನು ಗಾಯದ ತೂತಿನ ಮೇಲೆ ಕತ್ತರಿಸಬಾರದು. ನೆರಳಲ್ಲಿ ಒಣಗಿಸಿ, ಒಂದೊಂದನ್ನೂ ಬೇರೆ ಕಾಗದದ ಕವರಿನಲ್ಲಿ ಹಾಕಿ ಸೀಲ್ ಮಾಡಬೇಕು. ಪ್ಲಾಸ್ಟಿಕ್ ಕವರಿನಲ್ಲಿ ರಕ್ತದ ಬಟ್ಟೆ ಬೂಷ್ಟು ಹಿಡಿದು ಹಾಳಾಗುತ್ತದೆ. ಎಷ್ಟು ಬಟ್ಟೆ, ಯಾವ ಬಣ್ಣ, ಎಲ್ಲೆಲ್ಲಿ ತೂತು ಎಂದು ಪಂಚನಾಮೆಯಲ್ಲಿ ಬರೆಸಿ.

ಮನೆಯವರು ಒಬ್ಬರಾದರೂ ದೇಹವನ್ನು ಪೂರ್ತಿ ನೋಡಿ, ಮುಂದೆ, ಹಿಂದೆ, ಎರಡೂ ಅಂಗೈ, ಮಣಿಕಟ್ಟು, ಪಾದದ ಫೋಟೊ ತೆಗೆಯಿರಿ. ಇದು ತಾಯಿಯಿಂದಲೋ ಹೆಂಡತಿಯಿಂದಲೋ ಆಗುವ ಕೆಲಸವಲ್ಲ. ಸ್ವಲ್ಪ ಗಟ್ಟಿ ಮನಸ್ಸಿನ ನೆಂಟರಿಗೆ ಒಪ್ಪಿಸಿ. ಬಿಡದಿದ್ದರೆ, ಬಿಡಲಿಲ್ಲ ಎಂದು ಅವತ್ತೇ ಲಿಖಿತವಾಗಿ ದೂರು ಕೊಡಿ.

ಪರೀಕ್ಷೆ ಮುಗಿದ ಮೇಲೆ ದೇಹವನ್ನು ಸುಡಬೇಡಿ. ನಿಮ್ಮ ಜಾತಿಯಲ್ಲಿ ಸುಡುವುದೇ ಪದ್ಧತಿಯಾದರೂ ಈ ಒಂದು ಸಲ ಹೂಳಿ. ಹೂತ ದೇಹವನ್ನು ಮ್ಯಾಜಿಸ್ಟ್ರೇಟರ ಆದೇಶದಿಂದ ಹೊರತೆಗೆದು ಮತ್ತೆ ಪರೀಕ್ಷಿಸಲು 196ನೇ ಕಲಂನಲ್ಲೇ ಅವಕಾಶವಿದೆ. ರಾತ್ರೋರಾತ್ರಿ ಸುಟ್ಟುಬಿಡಿ, ಖರ್ಚು ನಾವೇ ಕೊಡುತ್ತೇವೆ ಎಂಬ ಒತ್ತಡ ಬಂದರೆ, ಯಾರು ಯಾವ ಹೊತ್ತಿಗೆ ಹೇಳಿದರು ಎಂದು ಬರೆದಿಡಿ. 2025ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಪೊಲೀಸ್ ಗುಂಡಿಗೆ ಆರೋಪಿಯೊಬ್ಬ ಸತ್ತಾಗ, ಪಿಯುಸಿಎಲ್ ಬೆನ್ನಲ್ಲೇ ಹೈಕೋರ್ಟಿಗೆ ಹೋಗಿ ದೇಹ ಮತ್ತು ಸಾಕ್ಷ್ಯ ಉಳಿಸುವ ಪ್ರಶ್ನೆಯನ್ನು ನ್ಯಾಯಾಲಯದ ಮುಂದಿಟ್ಟಿತು. ಅಷ್ಟು ಬೇಗ ಹೋಗುವುದರಲ್ಲೇ ಅರ್ಥವಿದೆ.

ಯಾವುದಕ್ಕೆ ಸಹಿ ಹಾಕಬೇಕು, ಯಾವುದಕ್ಕೆ ಬೇಡ

ಶವ ಪಂಚನಾಮೆಯ ಹೊತ್ತಿಗೆ ರಕ್ತಸಂಬಂಧಿಗಳ ಹೇಳಿಕೆ ಬರೆದುಕೊಳ್ಳುತ್ತಾರೆ. ಅದರ ಕೊನೆಯಲ್ಲಿ "ಮೃತನ ಸಾವಿನ ಬಗ್ಗೆ ನಮಗೆ ಯಾರ ಮೇಲೂ ಅನುಮಾನವಿರುವುದಿಲ್ಲ" ಎಂಬ ಸಾಲು ರೂಢಿಯಂತೆ ಬಂದುಬಿಡುತ್ತದೆ. ಅತ್ತು ಸುಸ್ತಾದ ಮನುಷ್ಯ ಓದದೆ ಸಹಿ ಹಾಕುತ್ತಾನೆ, ಮೂರು ವರ್ಷದ ಮೇಲೆ ಅದೇ ಸಾಲನ್ನು ಕೋರ್ಟಿನಲ್ಲಿ ಓದುತ್ತಾರೆ. ಅಕ್ಷರ ಬಾರದವರಾದರೆ ನಿಮ್ಮ ಕಡೆಯವರೇ ಒಬ್ಬರು ಗಟ್ಟಿಯಾಗಿ ಓದಿ ಹೇಳಲಿ, ಆಮೇಲೆ ಹೆಬ್ಬೆಟ್ಟು. ಒಪ್ಪದ ಪಂಚನಾಮೆಗೆ ಸಹಿ ಹಾಕುವ ಕಟ್ಟುಪಾಡು ಇಲ್ಲ: 194ನೇ ಕಲಂ ಪ್ರಕಾರ ಅಲ್ಲಿದ್ದವರಲ್ಲಿ ಅದನ್ನು ಒಪ್ಪಿದವರು ಮಾತ್ರ ಸಹಿ ಮಾಡುತ್ತಾರೆ. ತನಿಖೆಯಲ್ಲಿ ಪೊಲೀಸರಿಗೆ ಕೊಟ್ಟ ಹೇಳಿಕೆಗೂ ಸಾಕ್ಷಿಯ ಸಹಿ ಪಡೆಯಬಾರದು ಎಂದು 181ನೇ ಕಲಂ ಹೇಳುತ್ತದೆ. ಶವ ಪಡೆದ ರಸೀದಿಗೆ ಸಹಿ ಹಾಕಬೇಕಾಗುತ್ತದೆ, ಹಾಕಿ. ಆದರೆ ಅದರಲ್ಲಿ ಶವ ಪಡೆದಿದ್ದೇವೆ ಎಂಬುದು ಬಿಟ್ಟು ಬೇರೆ ಮಾತು ಇರಬಾರದು. ಖಾಲಿ ಹಾಳೆಗೆ ಯಾವ ಕಾರಣಕ್ಕೂ ಬೇಡ.

ಈ ಹೊತ್ತಿನಲ್ಲಿ ಜನ ಸೇರುತ್ತಾರೆ, ಸಿಟ್ಟು ಸಹಜ. 2024ರ ಮೇ ತಿಂಗಳಲ್ಲಿ ಚನ್ನಗಿರಿಯಲ್ಲಿ ಠಾಣೆಗೆ ಕರೆತಂದ ವ್ಯಕ್ತಿಯೊಬ್ಬರು ಸತ್ತಾಗ ಗುಂಪು ಠಾಣೆಗೆ ನುಗ್ಗಿತು. ಆಮೇಲೆ ಸಾವಿನಷ್ಟೇ ಆ ಗಲಾಟೆಯೂ ಸುದ್ದಿಯಾಯಿತು, ಊರಿನವರ ಮೇಲೇ ಕೇಸುಗಳು ಬಿದ್ದವು. ಕಲ್ಲು ಬಿದ್ದ ಠಾಣೆಯಲ್ಲಿ ಒಡೆದ ಕ್ಯಾಮೆರಾ ಮುಂದೆ "ದೃಶ್ಯ ಲಭ್ಯವಿಲ್ಲ" ಎನ್ನಲು ಕಾರಣವಾಗುತ್ತದೆ. ಹಿರಿಯರು ಹುಡುಗರನ್ನು ಆಸ್ಪತ್ರೆಯ ಅಂಗಳದಲ್ಲೇ ಕೂರಿಸಿ ಹಿಡಿದಿಟ್ಟುಕೊಳ್ಳಬೇಕು.

ನಿಮ್ಮದೇ ದೂರು

ಇಲ್ಲಿ ಬಹಳ ಕುಟುಂಬಗಳು ಮೋಸಹೋಗುತ್ತವೆ. "ಎಫ್‌ಐಆರ್ ಆಗಿದೆ" ಎಂದು ಠಾಣೆಯಲ್ಲಿ ಹೇಳುತ್ತಾರೆ. ತೆಗೆದು ನೋಡಿದರೆ ಅದು ಸತ್ತವನ ಮೇಲೆಯೇ ಇರುತ್ತದೆ: ಪೊಲೀಸರ ಕೊಲೆಗೆ ಯತ್ನ, ಕರ್ತವ್ಯಕ್ಕೆ ಅಡ್ಡಿ. ದೂರುದಾರ ಗುಂಡು ಹಾರಿಸಿದ ಅಧಿಕಾರಿ, ಆರೋಪಿ ಸತ್ತವನು. ಆರೋಪಿ ಸತ್ತಿದ್ದಾನೆ ಎಂದು ಆ ಕೇಸು ಮುಚ್ಚುತ್ತದೆ, ಗುಂಡಿನ ಲೆಕ್ಕ ಯಾರೂ ಕೇಳುವುದಿಲ್ಲ. ಇಲ್ಲವೇ ಬರೀ ಯುಡಿಆರ್ (ಅಸಹಜ ಸಾವಿನ ವರದಿ) ಮಾಡಿ ಬಿಟ್ಟಿರುತ್ತಾರೆ.

ಹಾಗಾಗಿ ಮನೆಯವರು ತಮ್ಮದೇ ದೂರು ಕೊಡಬೇಕು. ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಂ (ಕೊಲೆ), ಸಾಕ್ಷ್ಯ ಅಳಿಸಿದ ಅನುಮಾನವಿದ್ದರೆ 238 ಸೇರಿಸಿ. ಕಲಂ ತಪ್ಪಾದರೆ ಚಿಂತೆಯಿಲ್ಲ, ಸಂಗತಿ ಸರಿಯಾಗಿರಲಿ. ನೋಡಿದ್ದು ಯಾವುದು, ಕೇಳಿದ್ದು ಯಾವುದು, ಅನುಮಾನ ಯಾವುದು ಎಂದು ಬೇರೆ ಬೇರೆ ಬರೆಯಿರಿ. ಮೂರನ್ನೂ ಬೆರೆಸಿ ಬರೆದ ದೂರಿನಲ್ಲಿ ಒಂದು ಸುಳ್ಳಾದರೆ ಮೂರೂ ಬೀಳುತ್ತವೆ. ಅಧಿಕಾರಿಗಳ ಹೆಸರು ಗೊತ್ತಿಲ್ಲದಿದ್ದರೆ "ಆ ತಂಡದ ಅಧಿಕಾರಿ ಮತ್ತು ಸಿಬ್ಬಂದಿ" ಎಂದರೆ ಸಾಕು. ಪೇಪರಿನಲ್ಲಿ ಬಂದ ಹೆಸರನ್ನು ಅಂದಾಜಿನ ಮೇಲೆ ಹಾಕಬೇಡಿ.

ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು 2013ರ ನವೆಂಬರ್ 12ರ ಲಲಿತಾ ಕುಮಾರಿ ತೀರ್ಪು ಹೇಳಿದೆ. 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಾದರೂ ಕೊಡಬಹುದು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ಈಗಾಗಲೇ ಒಂದು ಎಫ್‌ಐಆರ್ ಇದೆ, ಎರಡನೆಯದು ಆಗುವುದಿಲ್ಲ ಎಂದರೆ, ಅದೇ ಘಟನೆಯ ಎದುರು ಪಕ್ಷದ ದೂರನ್ನು ದಾಖಲಿಸಲು ಅಡ್ಡಿಯಿಲ್ಲ ಎಂದ ಉಪಕಾರ್ ಸಿಂಗ್ ಪ್ರಕರಣದ ತೀರ್ಪನ್ನು ತೋರಿಸಿ. ತೆಗೆದುಕೊಳ್ಳದಿದ್ದರೆ ಹಿಂಬರಹ ಕೇಳಿ. ಹಿಂಬರಹವನ್ನೂ ಕೊಡದಿದ್ದರೆ ಅದೇ ದಿನ ಅಂಚೆ ಕಚೇರಿಗೆ ಹೋಗಿ ಎಸ್‌ಪಿಗೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನ ಮಾಡಿ. ಇದು 173(4)ರ ಅರ್ಜಿ. ಇದಾದ ಮೇಲೆಯೇ ಜೆಎಂಎಫ್‌ಸಿ (ಪ್ರಥಮ ದರ್ಜೆ ನ್ಯಾಯಾಂಗ ಮ್ಯಾಜಿಸ್ಟ್ರೇಟ್) ಕೋರ್ಟಿಗೆ 175(3)ರಡಿ, ಪ್ರಮಾಣಪತ್ರದ ಜೊತೆ, ಹೋಗಲು ಬರುತ್ತದೆ. ನಡುವಿನ ಹೆಜ್ಜೆ ಬಿಟ್ಟು ನೇರ ಕೋರ್ಟಿಗೆ ಹೋದ ಅರ್ಜಿಗಳು ಆ ಒಂದೇ ಕಾರಣಕ್ಕೆ ವಾಪಸ್ಸಾಗುತ್ತವೆ. ಸರ್ಕಾರಿ ನೌಕರರ ಮೇಲಿನ ದೂರಾದ್ದರಿಂದ ಮ್ಯಾಜಿಸ್ಟ್ರೇಟರು 175(4)ರಂತೆ ಮೇಲಧಿಕಾರಿಯ ವರದಿ ತರಿಸಬಹುದು, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ಆ ಹೊತ್ತಿಗೆ ಸಾಕ್ಷ್ಯ ಉಳಿದಿರಬೇಕೆಂದರೆ ಮುಂದಿನ ಭಾಗದ ಕೆಲಸವನ್ನು ಇದರ ಜೊತೆಜೊತೆಗೇ ಮಾಡಬೇಕು.

ತನಿಖೆಯನ್ನು ಅದೇ ಠಾಣೆಯವರು ಮಾಡುವಂತಿಲ್ಲ. ಸಿಐಡಿ ಮಾಡಬೇಕು, ಇಲ್ಲವೇ ಬೇರೆ ಠಾಣೆಯ ತಂಡ, ಗುಂಡು ಹಾರಿಸಿದ ತಂಡದ ಮುಖ್ಯಸ್ಥರಿಗಿಂತ ಕನಿಷ್ಠ ಒಂದು ದರ್ಜೆ ಮೇಲಿನ ಅಧಿಕಾರಿಯ ಮೇಲುಸ್ತುವಾರಿಯಲ್ಲಿ. ಪಿಎಸ್‌ಐ ತಂಡವಾಗಿದ್ದರೆ ಇನ್‌ಸ್ಪೆಕ್ಟರ್ ಅಥವಾ ಮೇಲಿನವರು. ಎರಡೂ ಜಿಲ್ಲೆಗಳು ದಾವಣಗೆರೆಯಲ್ಲಿರುವ ಪೂರ್ವ ವಲಯ ಐಜಿಪಿ ಕೆಳಗೆ ಬರುತ್ತವೆ. ಸಿಐಡಿಗೆ ವಹಿಸಿ ಎಂಬ ಮನವಿಯ ಒಂದು ಪ್ರತಿ ಅಲ್ಲಿಗೆ, ಇನ್ನೊಂದು ಬೆಂಗಳೂರಿನ ಅರಮನೆ ರಸ್ತೆಯ ಕಾರ್ಲ್‌ಟನ್ ಹೌಸ್‌ನಲ್ಲಿರುವ ಸಿಐಡಿ ಕಚೇರಿಗೆ ಹೋಗಲಿ. ಸಿಐಡಿಗೆ ಹೋಯಿತು ಎಂದು ನಿರಾಳವಾಗಬೇಡಿ. ಅವರು ಬರುವಷ್ಟರಲ್ಲಿ ಸ್ಥಳ, ಖಾಲಿ ಕಾಟ್ರಿಜ್, ರಕ್ತದ ಮಣ್ಣು ಎಲ್ಲ ಸ್ಥಳೀಯರ ಕೈಯಲ್ಲೇ ಇರುತ್ತದೆ.

ಅಳಿಯುವ ಸಾಕ್ಷ್ಯ

ಪೊಲೀಸ್ ಠಾಣೆಯ ಸಿಸಿಟಿವಿ ದೃಶ್ಯವನ್ನು 18 ತಿಂಗಳು, ಯಾವ ಕಾರಣಕ್ಕೂ ಒಂದು ವರ್ಷಕ್ಕೆ ಕಡಿಮೆಯಾಗದಂತೆ, ಉಳಿಸಬೇಕು ಎಂದು 2020ರ ಡಿಸೆಂಬರ್ 2ರ ಪರಮ್‌ವೀರ್ ಸಿಂಗ್ ಸೈನಿ ತೀರ್ಪು ಹೇಳಿದೆ. ಖಾಸಗಿಯವರಿಗೆ ಆ ಕಟ್ಟಳೆಯಿಲ್ಲ. ಪೆಟ್ರೋಲ್ ಬಂಕ್, ಡಾಬಾ, ಅಡಿಕೆ ಮಂಡಿಯ ಕ್ಯಾಮೆರಾಗಳಲ್ಲಿ ಹದಿನೈದು ದಿನದಿಂದ ಒಂದು ತಿಂಗಳಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ಕೂರುತ್ತದೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಕರೆದೊಯ್ದಿದ್ದರೆ ಹೆಬ್ಬಾಳು, ಗುಯಿಲಾಳು ಟೋಲ್‌ಗಳ ದೃಶ್ಯದಲ್ಲಿ ಜೀಪಿನ ಸಮಯ ಸಿಗಬಹುದು. ಅಂಗಡಿಯವರಿಗೆ ದೃಶ್ಯ ಕೊಡಿ ಎಂದರೆ ಹೆದರುತ್ತಾರೆ. ಅಳಿಸಬೇಡಿ, ತನಿಖಾಧಿಕಾರಿ ಕೇಳಿದಾಗ ಕೊಡಿ ಎಂದು ಒಂದು ಪತ್ರ ಕೊಟ್ಟು, ಅದರ ಪ್ರತಿಯನ್ನು ತನಿಖಾಧಿಕಾರಿಗೂ ಮ್ಯಾಜಿಸ್ಟ್ರೇಟರಿಗೂ ಕೊಡಿ.

ಎಸ್‌ಪಿಗೆ ಕೊಡುವ ಪತ್ರ ಹೀಗಿದ್ದರೆ ಸಾಕು:

"ದಿನಾಂಕ ____ ರಂದು ____ ಗಂಟೆಗೆ ____ ಸ್ಥಳದಲ್ಲಿ ಪೊಲೀಸರ ಗುಂಡಿಗೆ ಮೃತಪಟ್ಟ ____ ಅವರ ____ (ಸಂಬಂಧ) ನಾನು. ಕೆಳಗಿನ ದಾಖಲೆ ಮತ್ತು ವಸ್ತುಗಳನ್ನು ತಿದ್ದದೆ, ಅಳಿಸದೆ ಕಾಯ್ದಿಡಬೇಕೆಂದು ಕೋರುತ್ತೇನೆ: ____ ಠಾಣೆಯ ದಿನಾಂಕ ____ ರಿಂದ ____ ವರೆಗಿನ ಎಲ್ಲ ಕ್ಯಾಮೆರಾ ದೃಶ್ಯ, ಸ್ಟೇಷನ್ ಹೌಸ್ ಡೈರಿ, ಆಯುಧ ಮತ್ತು ಗುಂಡು ವಿತರಣೆ ಪುಸ್ತಕ, ವಾಹನಗಳ ಲಾಗ್ ಬುಕ್, ವೈರ್‌ಲೆಸ್ ಮತ್ತು 112 ಕರೆಗಳ ದಾಖಲೆ, ತಂಡದ ಸಿಬ್ಬಂದಿಯ ಕರ್ತವ್ಯ ಪಟ್ಟಿ, ಮಾಹಿತಿ ಬಂದ ಬಗ್ಗೆ ಬರೆದಿಟ್ಟ ದಾಖಲೆ, ಗಾಯಗೊಂಡರೆನ್ನಲಾದ ಸಿಬ್ಬಂದಿಯ ಗಾಯದ ಪ್ರಮಾಣಪತ್ರ ಮತ್ತು ಆಸ್ಪತ್ರೆಯ ಎಂಎಲ್‌ಸಿ (ಕಾನೂನು ಸಂಬಂಧಿ ವೈದ್ಯಕೀಯ ಪ್ರಕರಣ) ನಮೂದು, ಬಳಸಿದ ಎಲ್ಲ ಆಯುಧ, ಖಾಲಿ ಮತ್ತು ಉಳಿದ ಕಾಟ್ರಿಜ್‌ಗಳು. ಈ ಪತ್ರ ತಲುಪಿದ ಮೇಲೆ ಇವು ನಾಶವಾದರೆ ನ್ಯಾಯಾಲಯದ ಗಮನಕ್ಕೆ ತರಲಾಗುವುದು."

ಇದರಲ್ಲಿ ಪ್ರತಿಯೊಂದಕ್ಕೂ ಕಾರಣವಿದೆ. ಆಯುಧ ಪುಸ್ತಕದಲ್ಲಿ ಎಷ್ಟು ಗುಂಡು ಕೊಟ್ಟರು, ಎಷ್ಟು ವಾಪಸ್ ಬಂತು ಎಂಬ ಲೆಕ್ಕವಿರುತ್ತದೆ. ಅದು ಖಾಲಿ ಕಾಟ್ರಿಜ್‌ಗಳ ಜೊತೆ, ದೇಹದ ಗಾಯಗಳ ಜೊತೆ ತಾಳೆಯಾಗಬೇಕು. ಸುಳಿವು ಬಂದಿತ್ತು ಎನ್ನುವುದಾದರೆ ಹೋಗುವ ಮೊದಲೇ ಅದನ್ನು ಬರೆದಿಟ್ಟಿರಬೇಕು, ಸುಪ್ರೀಂ ಕೋರ್ಟಿನ ಮೊದಲ ಸೂಚನೆಯೇ ಅದು. ಪೊಲೀಸರಿಗೆ ಮಚ್ಚಿನೇಟು ಬಿತ್ತು ಎಂದಿದ್ದರೆ ಆಸ್ಪತ್ರೆಗೆ ಅವರು ಬಂದ ಸಮಯ ನೋಡಿ. ಗುಂಡು ಹಾರಿದ ನಾಲ್ಕು ಗಂಟೆಯ ಮೇಲೆ ದಾಖಲಾಗಿ, ತರಚು ಗಾಯವಷ್ಟೇ ಇದ್ದರೆ ಅದೂ ಒಂದು ಉತ್ತರ. ಎಫ್‌ಐಆರ್ ಮ್ಯಾಜಿಸ್ಟ್ರೇಟರ ಕೈ ಸೇರಿದ ದಿನಾಂಕ, ಸಮಯವನ್ನು ಅದರ ಮೇಲೇ ಬರೆದಿರುತ್ತಾರೆ. ಕೋರ್ಟಿನಿಂದ ದೃಢೀಕೃತ ನಕಲು ತೆಗೆಸಿದರೆ ತಡವಾದದ್ದು ತಿಳಿಯುತ್ತದೆ.

ಯಾರಾದರೂ ಮೊಬೈಲಿನಲ್ಲಿ ವಿಡಿಯೊ ಮಾಡಿದ್ದರೆ ಆ ಫೋನನ್ನೇ ಎತ್ತಿಡಿ. ವಾಟ್ಸಾಪಿನಲ್ಲಿ ಹರಿದಾಡಿದ ಪ್ರತಿ ಕುಗ್ಗಿರುತ್ತದೆ, ತೆಗೆದ ಸಮಯದ ಗುರುತು ಉಳಿದಿರುವುದಿಲ್ಲ. ಮೂಲ ಫೈಲನ್ನು ಪೆನ್ ಡ್ರೈವಿಗೆ ಹಾಕಿ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರವನ್ನು ವಕೀಲರಿಂದ ಬರೆಸಿ. ಅದರಲ್ಲಿ ಎರಡು ಭಾಗ: ಒಂದು ಫೋನಿನವರದು, ಇನ್ನೊಂದು ತಜ್ಞರದು.

ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿ, ಆದರೆ ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಎಂಬ ನಿಯಮವಿದೆ. ಎಲ್ಲವನ್ನೂ ಒಂದರಲ್ಲೇ ತುರುಕಿದರೆ ತಿರಸ್ಕರಿಸಲು ದಾರಿ ಕೊಟ್ಟಂತೆ. ಲಾಗ್ ಬುಕ್ಕಿಗೆ ಒಂದು, ಕರ್ತವ್ಯ ಪಟ್ಟಿಗೆ ಒಂದು, ಒಂದೊಂದಕ್ಕೂ 10 ರೂಪಾಯಿ ಶುಲ್ಕ. ತನಿಖೆ ನಡೆಯುತ್ತಿದೆ ಎಂದು ನಿರಾಕರಿಸಿದರೆ 30 ದಿನದೊಳಗೆ ಮೊದಲ ಮೇಲ್ಮನವಿ.

ಮ್ಯಾಜಿಸ್ಟ್ರೇಟ್ ವಿಚಾರಣೆ ಮತ್ತು ಸೆಷನ್ಸ್ ನ್ಯಾಯಾಧೀಶರು

ಪೊಲೀಸ್ ಗುಂಡಿಗೆ ಸಾವಾದ ಪ್ರತಿ ಪ್ರಕರಣದಲ್ಲೂ ಮ್ಯಾಜಿಸ್ಟ್ರೇಟ್ ವಿಚಾರಣೆ ಕಡ್ಡಾಯ. ತಂದೆ ತಾಯಿ, ಮಕ್ಕಳು, ಅಣ್ಣತಮ್ಮ, ಅಕ್ಕತಂಗಿ, ಗಂಡ ಅಥವಾ ಹೆಂಡತಿಗೆ ಸಾಧ್ಯವಿದ್ದ ಕಡೆಯೆಲ್ಲ ಮೊದಲೇ ತಿಳಿಸಿ, ಅಲ್ಲಿ ಹಾಜರಿರಲು ಬಿಡಬೇಕು. ಎಸಿ ವಿಚಾರಣೆಯಾದರೆ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ, ಹೇಳಿಕೆ ಕೊಡುವವರು ಇಂಥ ದಿನ ಬನ್ನಿ ಎಂದು. ಆ ಸಣ್ಣ ಪ್ರಕಟಣೆ ಕಣ್ಣು ತಪ್ಪಿದರೆ "ಯಾರೂ ಬರಲಿಲ್ಲ" ಎಂದು ವರದಿಯಾಗುತ್ತದೆ. ಪ್ರಕಟಣೆಗೆ ಕಾಯದೆ ಮೊದಲೇ ನಿಮ್ಮ ವಿಳಾಸ, ಫೋನ್ ನಂಬರ್, ಸಾಕ್ಷಿಗಳ ಪಟ್ಟಿ ಕೊಟ್ಟುಬಿಡಿ. ಹೇಳಿಕೆಯನ್ನು ಮನೆಯಲ್ಲೇ ಬರೆದು ಒಯ್ಯಿರಿ.

31ನೇ ಪ್ಯಾರಾದ ಕೊನೆಯ ಸೂಚನೆಯನ್ನು ನಮ್ಮಲ್ಲಿ ಬಹಳ ಕಡಿಮೆ ಜನ ಬಳಸುತ್ತಾರೆ. ಮೇಲಿನ ಕ್ರಮ ಪಾಲಿಸಿಲ್ಲ, ತನಿಖೆ ಸ್ವತಂತ್ರವಾಗಿಲ್ಲ ಎಂದು ಕಂಡರೆ ಘಟನೆ ನಡೆದ ಜಿಲ್ಲೆಯ ಸೆಷನ್ಸ್ ನ್ಯಾಯಾಧೀಶರಿಗೆ ಕುಟುಂಬವೇ ದೂರು ಕೊಡಬಹುದು, ಅವರು ಅದನ್ನು ಪರಿಶೀಲಿಸಲೇಬೇಕು. ದಾವಣಗೆರೆ ಅಥವಾ ಚಿತ್ರದುರ್ಗದ ಪ್ರಧಾನ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರ ಹೆಸರಿಗೆ, ಯಾವ ಸೂಚನೆ ಹೇಗೆ ಮುರಿಯಿತು ಎಂದು ಒಂದೊಂದಾಗಿ ಬರೆದು ಕೊಡಿ. ನಮ್ಮ ಅಭಿಪ್ರಾಯದಲ್ಲಿ ಇದು ಹೈಕೋರ್ಟಿಗಿಂತ ಮೊದಲು ತಟ್ಟಬೇಕಾದ ಬಾಗಿಲು: ಹತ್ತಿರ, ಖರ್ಚು ಕಡಿಮೆ. ಅಲ್ಲೂ ಆಗದಿದ್ದರೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ. ಈ ಎರಡೂ ಜಿಲ್ಲೆ ಬೆಂಗಳೂರಿನ ಪ್ರಧಾನ ಪೀಠಕ್ಕೆ ಸೇರುತ್ತವೆ, ಧಾರವಾಡಕ್ಕಲ್ಲ.

ಮಾನವ ಹಕ್ಕು ಆಯೋಗಕ್ಕೆ ದೂರು ಉಚಿತ, ಘಟನೆಯಾದ ಒಂದು ವರ್ಷದೊಳಗೆ ಕೊಡಬೇಕು. ರಾಜ್ಯ ಆಯೋಗದಲ್ಲಿ ಬಾಕಿಯಿರುವ ವಿಷಯವನ್ನು ರಾಷ್ಟ್ರೀಯ ಆಯೋಗ ಕೈಗೆತ್ತಿಕೊಳ್ಳುವುದಿಲ್ಲ. ಎರಡಕ್ಕೂ ಒಟ್ಟಿಗೆ ಕಳಿಸುವ ಬದಲು ಒಂದನ್ನು ಆರಿಸಿಕೊಳ್ಳಿ. ಆಯೋಗ ಶಿಫಾರಸು ಮಾಡುತ್ತದೆ, ಶಿಕ್ಷೆ ಕೊಡುವುದಿಲ್ಲ. ಆದರೆ ಅದು ಕೇಳಿದ ವರದಿಗಳಿಂದ ನಿಮಗೆ ಬೇರೆಡೆ ಸಿಗದ ಕಾಗದ ಸಿಗುತ್ತದೆ.

ಸತ್ತವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು, ಗುಂಡು ಹಾರಿಸಿದವರು ಆ ಸಮುದಾಯಗಳಿಗೆ ಸೇರದಿದ್ದರೆ, ದೌರ್ಜನ್ಯ ತಡೆ ಕಾಯ್ದೆಯ ಕಲಂಗಳನ್ನೂ ದೂರಿನಲ್ಲಿ ಹಾಕಿ. ಕೊಲೆ ಪ್ರಕರಣಕ್ಕೆ 2016ರ ನಿಯಮದಂತೆ 8.25 ಲಕ್ಷ ರೂಪಾಯಿ ಪರಿಹಾರ: ಅರ್ಧ ಮರಣೋತ್ತರ ಪರೀಕ್ಷೆಯಾದ ಮೇಲೆ, ಇನ್ನರ್ಧ ದೋಷಾರೋಪ ಪಟ್ಟಿ ಹೋದ ಮೇಲೆ. ಉಳಿದವರು 396ನೇ ಕಲಂನಡಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ವಕೀಲರ ಫೀಸಿಗೆ ಹಣವಿಲ್ಲದಿದ್ದರೆ ಅದೇ ಪ್ರಾಧಿಕಾರವನ್ನು ಕೇಳಿ. ಹೆಂಗಸರಿಗೆ, ಪರಿಶಿಷ್ಟರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ಪರಿಹಾರ ತೆಗೆದುಕೊಂಡರೆ ಕೇಸು ಬಿಟ್ಟಂತೆ ಎಂಬುದು ಸುಳ್ಳು. ಕೇಸು ವಾಪಸ್ ಪಡೆಯುತ್ತೇವೆ ಎಂದು ಬರೆದುಕೊಡಿ ಎಂದರೆ ಮಾತ್ರ ಸಹಿ ಮಾಡಬೇಡಿ.

ಬಿ ರಿಪೋರ್ಟ್, ಅನುಮತಿ, ಸಾಕ್ಷಿಗಳ ರಕ್ಷಣೆ

ತನಿಖೆಯ ಪ್ರಗತಿಯನ್ನು 90 ದಿನದೊಳಗೆ ನಿಮಗೆ ತಿಳಿಸಬೇಕು ಎಂದು 193ನೇ ಕಲಂ ಹೇಳುತ್ತದೆ. ತಿಳಿಸದಿದ್ದರೆ 91ನೇ ದಿನ ಲಿಖಿತವಾಗಿ ಕೇಳಿ. ಬಿ ರಿಪೋರ್ಟ್ (ಆರೋಪಕ್ಕೆ ಆಧಾರವಿಲ್ಲ ಎಂದು ಕೇಸು ಮುಚ್ಚುವ ವರದಿ) ಹಾಕಿದರೆ ದೂರುದಾರರಿಗೆ ಕೋರ್ಟಿನ ನೋಟಿಸ್ ಬರುತ್ತದೆ. ನಿಮ್ಮದೇ ದೂರು ಇಲ್ಲದಿದ್ದರೆ ನೋಟಿಸ್ ಹೋಗುವುದು ಗುಂಡು ಹಾರಿಸಿದ ಅಧಿಕಾರಿಗೆ, ಆತ ಆಕ್ಷೇಪ ಎತ್ತುವುದಿಲ್ಲ. ನೋಟಿಸ್ ಬಂದ ಮೇಲೆ ಹಾಕುವ ಪ್ರತಿಭಟನಾ ಅರ್ಜಿ ಖಾಸಗಿ ದೂರಿನ ರೂಪದಲ್ಲೇ ಇರಬೇಕು: ಸಂಗತಿ, ಸಾಕ್ಷಿಗಳ ಪಟ್ಟಿ, ದಾಖಲೆಗಳು. ಬರೀ "ತನಿಖೆ ಸರಿಯಿಲ್ಲ" ಎಂಬ ಎರಡು ಸಾಲಿನ ಅರ್ಜಿ ನಿಲ್ಲುವುದಿಲ್ಲ.

ಸರ್ಕಾರಿ ನೌಕರರ ಮೇಲೆ ಮೊಕದ್ದಮೆಗೆ 218ನೇ ಕಲಂ ಮತ್ತು ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂನ ಅನುಮತಿ ಬೇಕು ಎಂಬ ವಾದ ಬಂದೇ ಬರುತ್ತದೆ. 218ರಲ್ಲಿ 120 ದಿನದೊಳಗೆ ಸರ್ಕಾರ ತೀರ್ಮಾನಿಸದಿದ್ದರೆ ಅನುಮತಿ ಸಿಕ್ಕಂತೆಯೇ ಎಂದಿದೆ. ಹಾಗಾಗಿ ಅನುಮತಿ ಕೇಳಿದ ದಿನಾಂಕದ ದಾಖಲೆ ಕೈಯಲ್ಲಿರಲಿ. ವಶದಲ್ಲಿದ್ದವನನ್ನು ಕೊಂದದ್ದು ಕರ್ತವ್ಯದ ಭಾಗವೇ ಅಲ್ಲ ಎಂಬುದು ನಿಮ್ಮ ಮುಖ್ಯ ವಾದವಾಗಬೇಕು. ಶಿಕ್ಷೆಯೇ ಆಗುವುದಿಲ್ಲ ಎಂದು ಕೈಚೆಲ್ಲುವವರಿಗೆ ಹೇಳಬೇಕು: 1997ರಲ್ಲಿ ದೆಹಲಿಯ ಕನಾಟ್ ಪ್ಲೇಸಿನಲ್ಲಿ ತಪ್ಪಾಗಿ ಗುರುತಿಸಿ ಇಬ್ಬರನ್ನು ಕೊಂದ ಹತ್ತು ಪೊಲೀಸರ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಎತ್ತಿಹಿಡಿಯಿತು.

ಕಣ್ಣಾರೆ ಕಂಡವರು ಕುರಿ ಕಾಯುವವರೋ, ಹೊಲದಲ್ಲಿ ನೀರು ಹಾಯಿಸುತ್ತಿದ್ದವರೋ ಆಗಿರುತ್ತಾರೆ, ಮರುದಿನವೇ ಅವರ ಮೇಲೆ ಒತ್ತಡ ಶುರು. ಅವರ ಹೇಳಿಕೆಯನ್ನು 183ನೇ ಕಲಂನಂತೆ ಮ್ಯಾಜಿಸ್ಟ್ರೇಟರ ಮುಂದೆ ಆದಷ್ಟು ಬೇಗ ದಾಖಲಿಸಲು ತನಿಖಾಧಿಕಾರಿಗೆ ಬರೆದು ಕೇಳಿ. ಬೆದರಿಕೆ ಇದ್ದರೆ 2018ರ ಸಾಕ್ಷಿ ರಕ್ಷಣಾ ಯೋಜನೆಯಡಿ ಜಿಲ್ಲಾ ಸಮಿತಿಗೆ ಅರ್ಜಿ ಕೊಡಿ. ಜಿಲ್ಲಾ ನ್ಯಾಯಾಧೀಶರು ಅದರ ಅಧ್ಯಕ್ಷರು. ಎಸ್‌ಪಿ ಕೂಡ ಆ ಸಮಿತಿಯಲ್ಲಿರುವುದರಿಂದ, ಬೆದರಿಕೆ ಹಾಕಿದವರು ಪೊಲೀಸರೇ ಎಂಬುದನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬರೆದು, ಅರ್ಜಿಯನ್ನು ನ್ಯಾಯಾಧೀಶರ ಕಚೇರಿಗೇ ನೇರ ಮುಟ್ಟಿಸಿ, ಮೊಹರು ಹಾಕಿಸಿಕೊಂಡು ಬನ್ನಿ.